ಹೆಂಗಸರಿಗೆ ಬಾರದ ರೋಗ

"ಬೆಳಿಗ್ಗೆಯಿಂದ ಇದು ನಾಕನೇ ಸಲ ಕಕ್ಕಸಿಗೆ ಹೋಯ್ತಾ ಇರೋದು. ಅಲ್ಲೇನು ಹಡೀತಾ ಇದ್ಯೇನೇ ಲೌಡಿ?"

ಹೊಳೆಯ ದಂಡೆಯ ಮೇಲಿಂದ ಮೇಸ್ತ್ರಿ ದೋಯಿ ಕೂಗಿದ. ನೀರಿನಿಂದ ಮೇಲೆ ಹತ್ತುತ್ತಿದ್ದ ಕಿನು ಅಲ್ಲೇ ನಿಂತಳು. ನಾವು ಒಂಬತ್ತು ಜನ ಹೆಂಗಸರು ಮೊಣಕಾಲುದ್ದದ ನೀರಿನಲ್ಲಿ ನಿಂತು, ಎರಡು ದಿನದಿಂದ ನೆನೆಹಾಕಿದ್ದ ಎತ್ತಿನ ತೊಗಲುಗಳನ್ನು ಕೊಕ್ಕೆ ಹಾಕಿ ದಂಡೆಗೆ ಎಳೆಯುತ್ತಿದ್ದೆವು. ಜಪಾನಿನ ಲೆಕ್ಕದಲ್ಲಿ ಶೋವಾ ಮೂವತ್ತೇಳನೆಯ ವರ್ಷದ ಜನವರಿ, ಅಂದರೆ ೧೯೬೨. ನಮ್ಮ ಹರಿಮ ಸೀಮೆಯಲ್ಲಿ ಹಿಮ ಬೀಳುವುದು ಕಡಿಮೆ, ಆದರೆ ಹೊಳೆಯ ನೀರು ಮೂಳೆಯನ್ನು ಕಚ್ಚುತ್ತದೆ. ನೆನೆದ ತೊಗಲು ಒಂದೊಂದೂ ಹೆಣದ ಭಾರ.

"ಮುಟ್ಟಾಗಿದೀನಿ ಮೇಸ್ತ್ರಿ," ಅಂದಳು ಕಿನು.

"ಹೋದ ವಾರವೂ ಮುಟ್ಟು ಅಂದೆ."

"ಅದೇ ಇನ್ನೂ ನಿಂತಿಲ್ಲ."

"ಕಾರ್ಖಾನೆ ಕಾನೂನಿನಾಗೆ ಮುಟ್ಟಿಗೆ ಮೂರು ದಿನ ರಿಯಾಯ್ತಿ ಅಂತ ಐತೆ. ಇವತ್ತಿಗೆ ಹನ್ನೊಂದು ದಿನ. ನಿಂದೇನು ಹೆಂಗ್ಸಿನ ಮೈಯಾ, ಬೀದಿ ನಲ್ಲಿಯಾ?"

ಸುಣ್ಣದ ಗುಂಡಿಯ ಹತ್ತಿರ ನಿಂತಿದ್ದ ಗಂಡಸರು ನಕ್ಕರು. ನಗು ಕೇಳಿ ದೋಯಿಗೆ ಹುರುಪು ಬಂತು. ಸೊಂಟದ ಮೇಲೆ ಕೈಯಿಟ್ಟು ಎರಡು ಹೆಜ್ಜೆ ಕೆಳಗಿಳಿದ.

"ಬಿಚ್ಚಿ ತೋರ್ಸು."

ಹೊಳೆಯಲ್ಲಿದ್ದ ನಾವೆಲ್ಲ ಕೊಕ್ಕೆ ಬಿಟ್ಟು ನಿಂತೆವು.

"ಏನು, ಕಿವಿ ಕೇಳಲ್ವಾ? ರಕ್ತ ಐತೆ ಅಂದ್ಯಲ್ಲ. ಐತೋ ಇಲ್ವೋ ನೋಡಾನ. ಸುಳ್ಳಾದ್ರೆ ನಾಳೆಯಿಂದ ಈ ಕಡೆ ತಲೆ ಹಾಕ್ಬ್ಯಾಡ."

ಕಿನು ಅಳಲಿಲ್ಲ, ಬೇಡಿಕೊಳ್ಳಲೂ ಇಲ್ಲ. ತಿರುಗಿ ನಿಂತು, ದೊಗಳೆ ಷರಾಯಿಯ ದಾರ ಸಡಿಲಿಸಿ, ಒಳಗಿನ ಬಟ್ಟೆಯನ್ನು ಹೊರಗೆಳೆದಳು. ಮತ್ತೆ ದಾರ ಬಿಗಿದುಕೊಂಡಳು. ನಿಧಾನವಾಗಿ ದಂಡೆ ಹತ್ತಿ ಹೋಗಿ ಆ ಬಟ್ಟೆಯನ್ನು ದೋಯಿಯ ಮೂಗಿನ ಹತ್ತಿರ ಹಿಡಿದಳು. ಹಿಂಡಿದರೆ ಸುರಿಯುವಷ್ಟು ನೆನೆದಿತ್ತು. ಅವಳ ಮಣಿಕಟ್ಟಿನಿಂದ ಮೊಣಕೈಗೆ ಒಂದು ಗೆರೆ ಇಳಿಯಿತು.

"ನೋಡು," ಅಂದಳು. "ಸರಿಯಾಗಿ ನೋಡು ಮೇಸ್ತ್ರಿ."

ಗಂಡಸರ ನಗು ನಿಂತಿತು. ದೋಯಿ ಒಂದು ಹೆಜ್ಜೆ ಹಿಂದೆ ಸರಿದ. ಹಿಂದೆ ಸರಿದದ್ದನ್ನು ಎಲ್ಲರೂ ನೋಡಿದರು ಅಂತ ಗೊತ್ತಾದ ಕೂಡಲೇ ದಂಡೆಯ ಮೇಲಿದ್ದ ಹಸಿ ತೊಗಲಿನ ಪಟ್ಟಿ ತೆಗೆದು ಅವಳ ಕೆನ್ನೆಗೆ ಬೀಸಿದ. ಪಟ್ಟಿ ಬಿದ್ದ ಜಾಗ ನಮ್ಮ ಕಣ್ಣೆದುರೇ ನೇರಳೆಯಾಗಿ ಊದಿತು.

"ಹೊಳೆ ಕೆಳಗೆ ಹೋಗಿ ತೊಳ್ಕೋ ಅದ್ನ. ಇಲ್ಲಿ ಬ್ಯಾಡ. ತೊಗಲಿಗೆ ಮೈಲಿಗೆ ಆಯ್ತದೆ."

ದೋಯಿ ನಮ್ಮ ಕೇರಿಯವನೇ. ಪಟ್ಟಣದವರು ಅವನ ನೆರಳು ಬಿದ್ದ ಅಂಗಡಿಯ ಮೆಟ್ಟಿಲಿಗೆ ಮೈಲಿಗೆ ಕಳೆಯಲಿ ಅಂತ ಉಪ್ಪು ಎರಚುತ್ತಾರೆ.

*

ಕಿನುವಿನ ಮನೆ ನಮ್ಮ ಮನೆಯ ಗೋಡೆಗೆ ಅಂಟಿಕೊಂಡಿದೆ. ಅವರ ಮನೆಯಲ್ಲಿ ಚಾಕು ಇರಲಿಲ್ಲ. ಮೂಲಂಗಿ ಹೆಚ್ಚಬೇಕಾದರೂ ಅವಳು ನಮ್ಮ ಮನೆಗೆ ಬಂದು ಹೆಚ್ಚಿಕೊಂಡು ಹೋಗುತ್ತಿದ್ದಳು. ಮೇಜಿನ ನಾಲ್ಕೂ ಮೂಲೆಗೆ ತೊಗಲು ಸುತ್ತಿ ಹೊಲಿದಿದ್ದರು, ಹೊಸ್ತಿಲಿಗೆ ಹಳೆಯ ಹಾಸಿಗೆ ಹೊಡೆದಿದ್ದರು. ಎಲ್ಲ ಅವಳ ತಮ್ಮ ರೊಕುಜಿಗಾಗಿ.

ರೊಕುಜಿಗೆ ಇಪ್ಪತ್ತೆರಡು. ಮೀಸೆ ಮೂಡಿದ ಚಂದದ ಮುಖ. ಆದರೆ ಎಡ ಮೊಣಕಾಲು ಕುಂಬಳಕಾಯಿಯಷ್ಟು ದಪ್ಪ, ಅದರ ಕೆಳಗೆ ಕಾಲು ಬಿದಿರುಕಡ್ಡಿ. ಎಡವಿದರೆ ಕೀಲಿನೊಳಗೆ ರಕ್ತ ತುಂಬುತ್ತಿತ್ತು. ಆಗ ಅವನು ಬಾಯಿಗೆ ಬಟ್ಟೆ ತುರುಕಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ. ಅವನ ಹೆಸರಿನಲ್ಲಿ ಪಟ್ಟಣದ ಆಸ್ಪತ್ರೆಯ ಡಾಕ್ಟರು ಬರೆದುಕೊಟ್ಟ ಒಂದು ಚೀಟಿ ಇತ್ತು. ಈತನಿಗೆ ಹೀಮೋಫಿಲಿಯಾ, ಅಂದರೆ ಕುಸುಮರೋಗವಿದೆ, ಗಾಯವಾದರೆ ರಕ್ತ ಹೆಪ್ಪುಗಟ್ಟುವುದಿಲ್ಲ, ಕೂಡಲೇ ಕರೆತರತಕ್ಕದ್ದು ಅಂತ. ಅವರ ತಾಯಿ ಉಮೆ ಅದನ್ನು ಚಹಾ ಡಬ್ಬಿಯಲ್ಲಿಟ್ಟು ಬುದ್ಧನ ಪಕ್ಕದಲ್ಲಿ ಇಟ್ಟಿದ್ದಳು. ಕೇರಿಯ ಗಂಡಸರು ಅವನನ್ನು 'ಮೊಟ್ಟೆ' ಅಂತ ಕರೆಯುತ್ತಿದ್ದರು. ತೊಗಲಿನ ಕೆಲಸದಲ್ಲಿ ಕತ್ತಿ ಮುಟ್ಟದ ಗಂಡಸು ಅಂದರೆ ಗಂಡಸೇ ಅಲ್ಲ. ಅವನು ಮೂಲೆಯಲ್ಲಿ ಕೂತು ಹೆಂಗಸರ ಜೊತೆ ಕೈಚೀಲದ ಬಾರು ಹೆಣೆಯುತ್ತಿದ್ದ.

ಕಿನುವಿಗೆ ಚೀಟಿ ಇರಲಿಲ್ಲ. ಹದಿನಾಲ್ಕರಲ್ಲಿ ಹುಳುಕು ಹಲ್ಲು ಕಿತ್ತಾಗ ಆರು ದಿನ ರಕ್ತ ಉಗುಳಿದಳು. ನಾಲಿಗೆ ಹಾಕಿ ಗಾಯ ಕೆದಕುತ್ತಾಳೆ ಅಂತ ಅವಳ ಅಜ್ಜಿ ಕಪಾಳಕ್ಕೆ ಹೊಡೆದಳು. ಹತ್ತೊಂಬತ್ತಕ್ಕೆ ಕೆಳಗಿನ ಹೊಳೆಯ ಕೇರಿಗೆ, ಚಪ್ಪಲಿ ಹೊಲಿಯುವವರ ಮನೆಗೆ ಕೊಟ್ಟರು. ಮೊದಲ ರಾತ್ರಿಯ ಕೂಟಕ್ಕೆ ಒಂಬತ್ತು ದಿನ ರಕ್ತ. ಇದು ಎಷ್ಟು ಜನದ ಕೆಳಗೆ ಮಲಗಿದ ರೋಗವೋ ಅಂತ ಅತ್ತೆ ಬೀದಿಗೆ ಕೇಳುವ ಹಾಗೆ ಕೂಗಿದಳು. ಆಮೇಲೆ ರೊಕುಜಿಯ ಸುದ್ದಿ ಗೊತ್ತಾಯಿತು, ಉಮೆಯ ಅಣ್ಣತಮ್ಮಂದಿರು ಮೂವರೂ ಎಳೆ ಪ್ರಾಯದಲ್ಲಿ ರಕ್ತ ಸೋರಿ ಸತ್ತ ಸುದ್ದಿಯೂ ಗೊತ್ತಾಯಿತು. ಹೊಟ್ಟೆಯಲ್ಲಿದ್ದ ಮೂರು ತಿಂಗಳ ಪಿಂಡ ಜಾರಿ, ಒಂದು ತಿಂಗಳು ರಕ್ತದಲ್ಲಿ ಬಿದ್ದಿದ್ದವಳನ್ನು ಹಾಸಿಗೆ ಸಮೇತ ಗಾಡಿಗೆ ಹಾಕಿ ನಮ್ಮ ಕೇರಿಯ ಬಾಯಿಗೆ ತಂದು ಇಳಿಸಿದರು. ಎದ್ದು ಓಡಾಡುವ ಹಾಗಾದ ಮೂರನೇ ದಿನಕ್ಕೆ ಅವಳು ಹೊಳೆಗೆ ಇಳಿದಳು. ಇಳಿಯದಿದ್ದರೆ ರೊಕುಜಿಗೆ ರಕ್ತದ ಬಾಟಲಿ ಎಲ್ಲಿಂದ ಬರಬೇಕು?

ಅವರ ಅಪ್ಪ? ಉಮೆಯನ್ನು 'ಗಂಡು ತಿನ್ನೋ ಹೊಟ್ಟೆ' ಅಂತ ಬೈದು ಒಸಾಕಾದ ಬಂದರಿಗೆ ಕೂಲಿಗೆ ಹೋದವನು ಮತ್ತೆ ಬರಲಿಲ್ಲ.

ಅವತ್ತು ಸಂಜೆ ನಾನು ಬಾರ್ಲಿ ಗಂಜಿಯ ಪಾತ್ರೆ ಹಿಡಿದು ಅವರ ಮನೆಗೆ ಹೋದಾಗ ಅಕ್ಕತಮ್ಮ ಎದುರುಬದುರು ಕೂತಿದ್ದರು.

"ಅಕ್ಕ, ಅವ್ನು ನಿನ್ನ ಬಟ್ಟೆ ಬಿಚ್ಚಿಸಿದ್ನಂತೆ."

"ಯಾರಂದ್ರು?"

"ಕೇರಿಯೆಲ್ಲಾ ಅಂತೈತೆ."

"ಸುಮ್ಕೆ ಬಾರು ಹೆಣಿ."

"ನಾನು ಗಂಡ್ಸಲ್ವಾ?"

"ನೀನು ಗಂಡ್ಸಾಗೋಕೆ ಹೋದ್ರೆ ಅವ್ವಂಗೆ ಹೆಣ ತೊಳೆಯೋ ಕೆಲ್ಸ," ಅಂದಳು ಕಿನು. ಅವಳ ಕೆನ್ನೆ ಊದಿ ಒಂದು ಕಣ್ಣು ಮುಚ್ಚಿಹೋಗಿತ್ತು.

"ನಿಂಗೂ ನಿಲ್ಲಲ್ವಲ್ಲಕ್ಕ ರಕ್ತ. ನೀನು ಹೊಳೆಗಿಳೀತೀಯಾ, ಕತ್ತಿ ಹಿಡೀತೀಯಾ. ನನ್ನ ಮಾತ್ರ ಹತ್ತೀಲಿ ಸುತ್ತಿ ಮಡಗವ್ರೆ. ಇಬ್ರಿಗೂ ಒಂದೇ ಅಲ್ವಾ?"

"ನಂಗೆ ಚೀಟಿ ಇಲ್ವಲ್ಲೋ," ಅಂತ ಕಿನು ನಕ್ಕಳು. ನಕ್ಕರೆ ಕೆನ್ನೆ ನೋಯುತ್ತಿತ್ತು, ಆದರೂ ನಕ್ಕಳು. ರೊಕುಜಿ ನಗಲಿಲ್ಲ.

*

ಮಾರನೆಯ ದಿನ ಬೆಳಿಗ್ಗೆ ನಾವು ಅಂಗಳದಲ್ಲಿ ದಿಮ್ಮಿಗಳ ಮೇಲೆ ತೊಗಲು ಹಾಸಿ ಕೂದಲು ಹೆರೆಯುತ್ತಿದ್ದಾಗ ರೊಕುಜಿ ಕೋಲೂರಿಕೊಂಡು ಬಂದ. ಅವರ ಮನೆಯಿಂದ ಅಂಗಳಕ್ಕೆ ಇನ್ನೂರು ಹೆಜ್ಜೆ. ಅಷ್ಟಕ್ಕೇ ಅವನ ಹಣೆಯಲ್ಲಿ ಬೆವರು ಸುರಿಯುತ್ತಿತ್ತು.

"ದೋಯಿ!"

"ಓಹೋ! ಮೊಟ್ಟೆ ನಡ್ಕಂಡು ಬಂತು, ನೋಡ್ರಲಾ!"

"ನಮ್ಮಕ್ಕನ ಮುಂದೆ ಮಂಡಿಯೂರಿ ಹಣೆ ನೆಲಕ್ಕಿಟ್ಟು ತಪ್ಪಾಯ್ತು ಅನ್ನು."

ದೋಯಿ ತೊಗಲಿನಿಂದ ಹೆರೆದುಬಿದ್ದ ಕೊಬ್ಬಿನ ಮುದ್ದೆ ಎತ್ತಿ ಅವನ ಎದೆಗೆ ಎಸೆದ. ಅದು ಅಂಟಿಕೊಂಡು ಜಾರಿತು. ಇನ್ನೊಂದು ಎಸೆದ. "ಮೆತ್ತಗಿಂದು ಎಸೀತಿದೀನಿ ಕಣ್ಲಾ, ಒಡೆದೋದೀಯ."

"ರೊಕುಜಿ, ಮನೇಗೋಗು!" ಕಿನು ಕತ್ತಿ ಬಿಟ್ಟು ಓಡಿಬಂದಳು.

ಅಷ್ಟರಲ್ಲಿ ರೊಕುಜಿ ಕೋಲು ಎತ್ತಿ ದೋಯಿಯ ಕಿವಿಗೆ ಹೊಡೆದಿದ್ದ. ಬಲವಾದ ಹೊಡೆತ. ಅವನು ಜನ್ಮದಲ್ಲಿ ಹೊಡೆದ ಒಂದೇ ಒಂದು ಹೊಡೆತ ಅದು. ದೋಯಿಯ ಕಿವಿಯ ತುದಿ ಸೀಳಿ ರಕ್ತ ಬಂತು. ಅವನು ಕಿವಿ ಮುಟ್ಟಿ ನೋಡಿಕೊಂಡ. ನಂಬಲಾಗದವನ ಹಾಗೆ ಬೆರಳು ನೋಡಿದ. ಆಮೇಲೆ ಕಾಲೆತ್ತಿ ನೇರ ಆ ಎಡ ಮೊಣಕಾಲಿಗೇ ಒದ್ದ.

ಆ ಸದ್ದನ್ನು ಹೇಳಲು ನನಗೆ ಬರುವುದಿಲ್ಲ. ರೊಕುಜಿ ಕೂಗಲೂ ಇಲ್ಲ, ಉಸಿರು ಒಳಗೇ ಸಿಕ್ಕಿಕೊಂಡು ಹಿಂದಕ್ಕೆ ಬಿದ್ದ. ತಲೆ ದಿಮ್ಮಿಯ ಕಬ್ಬಿಣದ ಪಟ್ಟಿಗೆ ಬಡಿಯಿತು. ಬಿದ್ದವನ ಪಕ್ಕೆಗೆ ದೋಯಿ ಇನ್ನೊಂದು ಒದ್ದ.

ಕಿನು ದೋಯಿಯ ಮೇಲೆ ಹಾರಿದಳು. ಮುಂಗೈಗೆ ಹಲ್ಲು ಹಾಕಿ ಕಚ್ಚಿದಳು, ಬಿಡಲಿಲ್ಲ. ದೋಯಿ ಇನ್ನೊಂದು ಕೈಯ ಮುಷ್ಟಿಯಿಂದ ಅವಳ ಬಾಯಿಗೆ ಗುದ್ದಿದ, ಮತ್ತೆ ಗುದ್ದಿದ. ಎರಡು ಹಲ್ಲು ನೆಲಕ್ಕೆ ಬಿದ್ದವು. ಅವಳು ಬಿಟ್ಟಾಗ ಮೊಣಕಾಲಿನಿಂದ ಹೊಟ್ಟೆಗೆ ತಿವಿದ. ಅವಳು ಮಡಚಿಕೊಂಡು ತಮ್ಮನ ಪಕ್ಕ ಬಿದ್ದಳು. ಕಾರ್ಖಾನೆಯ ಮೇಲಿನ ಮಹಡಿಯ ಕಿಟಕಿಯಲ್ಲಿ ಧಣಿ ಮಕಿತಾನ ಮುಖ ಕಾಣಿಸಿತು. ಒಳಗೆ ಒಸಾಕಾದ ತೊಗಲು ವ್ಯಾಪಾರಿ ಚಹಾ ಕುಡಿಯುತ್ತಿದ್ದ. ಧಣಿ ಕಿಟಕಿ ಮುಚ್ಚಿದ.

"ಎರಡೇ ಒದೆ," ಅಂತ ದೋಯಿ ಕಿವಿ ಒತ್ತಿ ಹಿಡಿದುಕೊಂಡು ಸುತ್ತ ನಿಂತವರಿಗೆ ಹೇಳುತ್ತಿದ್ದ. ಅವನ ಕಿವಿಯ ರಕ್ತ ಆಗಲೇ ನಿಂತು ಕಪ್ಪಾಗಿತ್ತು. "ಎರಡೇ ಒದೆ ಕಣ್ರೋ. ಗಂಡ್ಸಾಗಿದ್ರೆ ಎದ್ದು ನಿಂತಿರೋನು."

*

ತೊಗಲು ಸಾಗಿಸುವ ಕೈಗಾಡಿಯಲ್ಲಿ ಇಬ್ಬರನ್ನೂ ಮಲಗಿಸಿ ನಾವೇ ಎಳೆದುಕೊಂಡು ಹೋದೆವು. ಉಮೆ ಚಹಾ ಡಬ್ಬಿಯನ್ನು ಎದೆಗವಚಿಕೊಂಡು ಗಾಡಿಯ ಜೊತೆ ಓಡುತ್ತಿದ್ದಳು. ಆಸ್ಪತ್ರೆಯ ಬಾಗಿಲಲ್ಲಿ ಕಾವಲಿನವನು ಗಾಡಿಯ ವಾಸನೆಗೆ ಮೂಗು ಮುಚ್ಚಿಕೊಂಡ. ಇನ್ನೊಬ್ಬನ ಕಡೆ ತಿರುಗಿ, ಹೆಬ್ಬೆರಳು ಮಡಚಿ ನಾಲ್ಕು ಬೆರಳು ಎತ್ತಿ ತೋರಿಸಿದ. ತೊಗಲಿನ ಕೇರಿಯವರು ನಾಲ್ಕು ಕಾಲಿನ ದನಗಳು ಅಂತ. ಅದು ನಮಗೆ ಹೊಸದಲ್ಲ.

"ಹಿಂದಿನ ಬಾಗಿಲಿಗೆ ಹೋಗಿ. ಬಟ್ಟೆ ಒಗೆಯೋ ಕಡೆ."

ಡಾಕ್ಟರ್ ಕಜಿಯಾಮ ಮಾತ್ರ ರೊಕುಜಿಯನ್ನು ನೋಡಿ ಓಡಿಬಂದರು. ಅವನು ಅವರಿಗೆ ಅಕ್ಕರೆಯ ರೋಗಿ. ಅವನ ರೋಗದ ಮೇಲೆ ಏನೋ ಬರೆದು ಟೋಕಿಯೋದ ಡಾಕ್ಟರುಗಳ ಸಭೆಯಲ್ಲಿ ಓದಿದ್ದರಂತೆ.

"ಏನಮ್ಮ ಉಮೆ, ಹೀಗೆ ತಂದಿದ್ದೀಯಲ್ಲ ನಮ್ಮ ರೊಕುಜೀನ! ಬೇಗ ಒಳಗೆ ಕರ್ಕೊಂಡು ಬನ್ನಿ. ತಾಜಾ ರಕ್ತ ತರಿಸಿ, ಎಷ್ಟಿದ್ರೆ ಅಷ್ಟು."

ಅವನಿಗೆ ಹಾಸಿಗೆ ಸಿಕ್ಕಿತು. ಕಬ್ಬಿಣದ ಕಂಬಕ್ಕೆ ಬಾಟಲಿ ತೂಗುಹಾಕಿದರು. ಕಿನು ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಬಾಯಿಗೆ ಒತ್ತಿ ಹಿಡಿದ ಟವೆಲು ಕೆಂಪಾಗಿ ತೊಟ್ಟಿಕ್ಕುತ್ತಿತ್ತು. ಡಾಕ್ಟರು ಹೊರಗೆ ಬಂದಾಗ ಉಮೆ ನೆಲದ ಮೇಲೆ ಬಗ್ಗಿದಳು.

"ಸ್ವಾಮಿ, ಇವಳ್ನೂ ನೋಡಿ. ಇವಳಿಗೂ ನಿಲ್ಲಲ್ಲ. ಚಿಕ್ಕಂದಿನಿಂದ ಹಿಂಗೇ."

ಡಾಕ್ಟರು ಬೆರಳಿನಿಂದ ತುಟಿ ಎತ್ತಿ ನೋಡಿದರು. "ತುಟಿ ಹರಿದಿದೆ, ಹಲ್ಲು ಮುರಿದಿದೆ. ಬಟ್ಟೆ ಒತ್ತಿ ಹಿಡ್ಕೋ, ನಿಲ್ಲುತ್ತೆ."

"ತಮ್ಮಂಗೆ ಇರೋದೇ ಇವಳಿಗೂ ಐತೆ ಸ್ವಾಮಿ."

ಅವರು ಮಕ್ಕಳಿಗೆ ಹೇಳುವ ಹಾಗೆ ನಕ್ಕರು. "ಈ ರೋಗ ಹೆಂಗಸರಿಗೆ ಬರೋದಿಲ್ಲಮ್ಮ. ಹೆಂಗಸರು ಇದನ್ನ ಹೊರ್ತಾರೆ, ಅಷ್ಟೆ. ಒಂದು ಪೆಟ್ಟಿಗೆ ಇದೆ ಅಂತ ಇಟ್ಕೋ. ಪೆಟ್ಟಿಗೆಯೊಳಗೆ ವಿಷ ಇಟ್ರೆ ಪೆಟ್ಟಿಗೆ ಸಾಯುತ್ತಾ?" ಆಮೇಲೆ ಕೈ ಒರೆಸಿಕೊಳ್ಳುತ್ತ ಅಂದರು: "ನಿಮ್ಮ ಜನ ನಿಮ್ಮೊಳಗೇ ಕೊಟ್ಟು ತಂದು ಮಾಡ್ತೀರಿ. ಅದಕ್ಕೇ ಇಂಥದ್ದೆಲ್ಲ."

"ಬೇರೇರು ಹೆಣ್ಣು ಕೊಡ್ತಾರಾ ಸ್ವಾಮಿ ನಮಗೆ?" ಅಂತ ಉಮೆ ಕೇಳಿದಳು. ಕೊಂಕಿಲ್ಲದೆ, ನಿಜವಾಗಿಯೂ ಕೇಳಿದಳು. ಡಾಕ್ಟರು ಆಗಲೇ ಒಳಗೆ ಹೋಗಿದ್ದರು.

ಆಸ್ಪತ್ರೆಯ ಆಳು ಬಕೆಟ್ಟು, ಗೋಣಿಚಿಂದಿ ತಂದು ಕಿನುವಿನ ಕಾಲ ಬುಡಕ್ಕೆ ಇಟ್ಟ. "ನಿನ್ನ ರಕ್ತ ನೀನೇ ಒರ್ಸು. ಇಲ್ಲಿ ಯಾರೂ ಮುಟ್ಟಲ್ಲ."

ಅವಳು ಮಂಡಿಯೂರಿ ಒರೆಸಿದಳು. ಒರೆಸಿದ ಜಾಗದ ಮೇಲೆ ಮತ್ತೆ ಬಾಯಿಂದ ಹನಿ ಬೀಳುತ್ತಿತ್ತು. ನಾನು ಚಿಂದಿ ಕಿತ್ತುಕೊಂಡೆ. "ಬಿಡು ಯೊನೆ ಅಕ್ಕ," ಅಂದಳು. ಬಾಯಿ ತುಂಬಿದ್ದರಿಂದ ಮಾತು ಸರಿಯಾಗಿ ಹೊರಡಲಿಲ್ಲ. "ಮಾಡ್ತಾ ಇದ್ರೆ ಎಚ್ಚರ ಇರ್ತದೆ."

ಎರಡನೇ ದಿನ ರೊಕುಜಿ ಕಣ್ಣು ಬಿಟ್ಟ. ಬಾಗಿಲಲ್ಲಿ ನಿಂತ ಅಕ್ಕನನ್ನು ಬಹಳ ಹೊತ್ತು ನೋಡಿದ. ಅವಳ ಮುಖ ಸಿಪ್ಪೆ ತೆಗೆದ ಮೂಲಂಗಿಯ ಹಾಗೆ ಬಿಳುಚಿತ್ತು.

"ಇದ್ನ ಅವಳ್ಗೆ ಹಾಕಿ," ಅಂತ ಬಾಟಲಿಯ ಕಡೆ ಕಣ್ಣು ಹೊರಳಿಸಿದ.

ನರ್ಸು ತಲೆಯಲ್ಲಾಡಿಸಿದಳು. ಅವನು ಕೈಯ ಸೂಜಿ ಕಿತ್ತುಕೊಳ್ಳಲು ಹೋದ. ಆಳುಗಳು ಬಂದು ಎರಡೂ ಕೈಗಳನ್ನು ಮಂಚಕ್ಕೆ ಕಟ್ಟಿದರು. ಕಟ್ಟಿದಲ್ಲೆಲ್ಲ ನೀಲಿ ಬಳೆ ತೊಟ್ಟ ಹಾಗೆ ಬಾವು ಬಂತು. "ಅವಳ್ಗೆ ಹಾಕ್ರೋ ಬೇವರ್ಸಿಗಳಾ," ಅಂತ ಅವನು ಕೂಗಿದ. ಆಮೇಲೆ ಬರೀ ಗೊರಗೊರ. ಪೆಟ್ಟು ತಿಂದ ತಲೆಯೊಳಗೆ ರಕ್ತ ತುಂಬುತ್ತಿತ್ತು. ಮೂರನೇ ದಿನ ಬೆಳಿಗ್ಗೆ, ಕೈ ಕಟ್ಟಿದ ಹಾಗೇ ಸತ್ತ.

ಕಾರ್ಖಾನೆಯವರು ಪೊಲೀಸರಿಗೆ ಏನು ಬರೆದುಕೊಟ್ಟರು ಅಂತ ಅಷ್ಟರಲ್ಲಿ ನಮಗೆ ತಿಳಿದಿತ್ತು. ಕುಂಟ ಕಾಲು ಜಾರಿ ಬಿದ್ದ. ತಡೆಯಲು ಹೋದ ಅಕ್ಕನೂ ಬಿದ್ದಳು.

*

ಹೆಣ ತರಲು ನಾವು ಮೂವರು ಹೆಂಗಸರು ಗಾಡಿ ತಂದಿದ್ದೆವು. ಉಮೆ, ಕಿನು ಅಲ್ಲೇ ಇದ್ದರು. ಐದೂ ಜನರನ್ನು ಡಾಕ್ಟರು ತಮ್ಮ ಕೋಣೆಗೆ ಕರೆಸಿದರು. ಮೂಲೆಯಲ್ಲಿ ಒಂದು ಎಳೆಯ ನರ್ಸು ಟ್ರೇ ಹಿಡಿದು ನಿಂತಿದ್ದಳು. ಮೇಜಿನ ಮೇಲೆ ಒಂದು ಕಾಗದ.

"ಇಲ್ಲಿ ಮುದ್ರೆ ಒತ್ತಮ್ಮ ಉಮೆ. ಎಡ ಮೊಣಕಾಲು ಮಾತ್ರ. ಗಾಜಿನ ಜಾಡಿಯಲ್ಲಿ ಕಾಪಾಡಿ ಇಡ್ತೀವಿ. ಓದೋ ಹುಡುಗರಿಗೆ ಉಪಯೋಗ ಆಗುತ್ತೆ. ಅವನ ಹೆಸರೂ ಬರೀತೀವಿ."

ಉಮೆ ಕಾಗದ ನೋಡಿದಳು. ಅವಳಿಗೆ ಓದಲು ಬಾರದು.

"ಕಾಲಿಲ್ದೆ ಹೆಂಗೆ ಕಳಿಸ್ಲಿ ಸ್ವಾಮಿ, ಅಷ್ಟು ದೂರ?" ಅಂದಳು.

ಗೋಡೆಗೆ ಒರಗಿದ್ದ ಕಿನು ಮುಂದೆ ಬಂದಳು. ಮೂರು ದಿನದಿಂದ ಬಾಯಿಯ ರಕ್ತ ನಿಂತಿರಲಿಲ್ಲ. ಗುದ್ದು ತಿಂದ ಹೊಟ್ಟೆ ಗಟ್ಟಿಯಾಗಿ ಊದಿ, ಹೊಕ್ಕುಳಿನಿಂದ ತೊಡೆಯವರೆಗೆ ಕಪ್ಪಾಗಿತ್ತು. ಅದನ್ನು ನಾನೇ ನೋಡಿದ್ದೆ. ಮುಟ್ಟಂತೂ ಇನ್ನೂ ಹರಿಯುತ್ತಲೇ ಇತ್ತು.

"ಅವನ ಮಂಚದ ಕೆಳಗೆ ತುಂಬಿದ ಬಾಟ್ಲಿ ಇನ್ನೊಂದೈತೆ ಸ್ವಾಮಿ. ಅದ್ನ ನಂಗೆ ಹಾಕಿ."

"ಅದು ರೋಗಿಗೆ ಬೇಕಾದದ್ದು."

"ರೋಗಿ ಸತ್ತ."

"ಬೇರೆ ರೋಗಿಗಳಿದ್ದಾರೆ. ಕಷ್ಟಪಟ್ಟು ಸಿಗೋ ರಕ್ತ ಅದು. ನಿನಗೆ ತುಟಿಯ ಗಾಯ, ಮಾಮೂಲಿ ಮುಟ್ಟು. ಅದಕ್ಕೆಲ್ಲ ಹಾಕೋಕಾಗುತ್ತಾ? ನಾನು ಹೇಳಿದೆನಲ್ಲ, ಹೆಂಗಸರಿಗೆ—"

"ಪೆಟ್ಟಿಗೆ," ಅಂದಳು ಕಿನು.

ನರ್ಸಿನ ಟ್ರೇಯಲ್ಲಿ ಸಣ್ಣ ಚೂರಿ ಇತ್ತು, ಮೇಜಿನ ಮೇಲೆ ಗಾಜಿನ ನಳಿಕೆಗಳ ಸಾಲು ಇತ್ತು. ಕಿನು ಯಾವಾಗ ಚೂರಿ ತೆಗೆದಳೋ ನನಗೆ ಕಾಣಲಿಲ್ಲ. ತೊಗಲು ಹೆರೆದ ಕೈ ಅದು. ಎಡ ಮುಂಗೈಯ ಮೇಲೆ ಒಂದೇ ಎಳೆತ. ನರ್ಸು ಕಿರುಚಿದಳು. ಕಿನು ಒಂದು ನಳಿಕೆ ತೆಗೆದು ಗಾಯದ ಕೆಳಗೆ ಹಿಡಿದು, ಅರ್ಧ ತುಂಬಿಸಿ ಮೇಜಿನ ಮೇಲೆ ನಿಲ್ಲಿಸಿದಳು.

"ಹನ್ನೊಂದು ಸಲ ರೊಕುಜಿ ರಕ್ತಾನ ಹಿಂಗೇ ಗಾಜಿನಾಗೆ ಹಿಡಿದು ಓರೆ ಮಾಡಿ ನೋಡಿದ್ದೆ ನೀನು. ಪಕ್ಕದಾಗೆ ಗಡಿಯಾರ ಹಿಡಿದು ನಿಂತಿದ್ದೋಳು ನಾನೇ. ನಂದು ಒಂದ್ಸಲಾನೂ ನೋಡ್ಲಿಲ್ಲ. ಇವತ್ತು ನೋಡು."

'ಸ್ವಾಮಿ' ಹೋಗಿ 'ನೀನು' ಬಂದದ್ದು ಡಾಕ್ಟರಿಗೆ ಚೂರಿಗಿಂತ ಹೆಚ್ಚಾಗಿ ತಾಗಿತು ಅಂತ ಕಾಣುತ್ತದೆ. "ಹುಚ್ಚು ಹಿಡೀತಾ ನಿನಗೆ? ಯಾರಲ್ಲಿ! ಇವರನ್ನ ಎಳೆದು ಹೊರಗೆ ಹಾಕಿ!"

ಉಮೆ, ಹುಟ್ಟಿದಾಗಿನಿಂದ ಬಾಗಿಯೇ ಬದುಕಿದ ಉಮೆ, ಹೋಗಿ ಬಾಗಿಲು ಹಾಕಿ ಚಿಲಕ ಜಡಿದಳು. ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಜೊತೆಗಿದ್ದ ಇಬ್ಬರು ಹೆಂಗಸರು ಅವಳ ಎರಡೂ ಪಕ್ಕ ನಿಂತರು.

ನಾನು ಕಿನುವಿನ ಕೈಯಿಂದ ಚೂರಿ ತೆಗೆದುಕೊಂಡೆ. ಅವಳು ನನ್ನನ್ನೇ ನೋಡಿದಳು. ನನ್ನ ಬೆರಳು ಕುಯ್ದುಕೊಂಡು ಇನ್ನೊಂದು ನಳಿಕೆಗೆ ಹಿಂಡಿ, ಅವಳದರ ಪಕ್ಕ ಇಟ್ಟೆ. "ಇದು ನಂದು. ಎರಡನ್ನೂ ನೋಡಿ," ಅಂದೆ. ಬಾಯಿ ಬಿಟ್ಟ ಮೇಲೆ ತಡೆಯಲಾಗಲಿಲ್ಲ. "ಮಂಚದ ಕೆಳಗೆ ಐತಲ್ಲ ಬಾಟ್ಲಿ, ಅದ್ರಾಗಿರೋದೂ ನಂದೇ ಇರ್ಬೌದು. ತಿಂಗ್ಳಿಗೆ ಎರಡು ಸಲ ನಿಮ್ಮ ಪಟ್ಟಣದಾಗೆ ರಕ್ತ ಮಾರ್ತೀನಿ ನಾನು. ಊರು ಕೇಳಿದ್ರೆ ಬೇರೆ ಊರು ಹೇಳ್ತೀನಿ. ಕೇರಿ ಹೆಸ್ರು ಹೇಳಿದ್ರೆ ತಗಳಲ್ವಲ್ಲ ನೀವು. ಕೇರಿ ಅರ್ಧ ಹೆಂಗಸರು ಹಂಗೇ ಮಾರ್ತಾರೆ. ನಿಮ್ಮ ಅದೆಷ್ಟು ಮನೆಯವರ ಮೈಯಾಗೆ ನಮ್ಮದು ಹರೀತೈತೋ!"

ಡಾಕ್ಟರು ಕುರ್ಚಿಯಲ್ಲಿ ಕೂತರು. ಗೋಡೆಯ ಗಡಿಯಾರದಲ್ಲಿ ಎರಡೂ ಹತ್ತು.

ಡಾಕ್ಟರು ಕಿಟಕಿಯ ಹೊರಗೆ ನೋಡುತ್ತಿದ್ದರು. ಎರಡೂ ಇಪ್ಪತ್ತಕ್ಕೆ ಕಿನು ನನ್ನ ನಳಿಕೆ ಎತ್ತಿ ಓರೆ ಮಾಡಿದಳು. ರಕ್ತ ಅಲ್ಲಾಡಲಿಲ್ಲ, ಗಾಜಿಗೆ ಕಚ್ಚಿಕೊಂಡು ಗಟ್ಟಿಯಾಗಿತ್ತು. ಅವಳದನ್ನು ಓರೆ ಮಾಡಿದಳು. ನೀರಿನ ಹಾಗೆ ಅಂಚಿಗೆ ಹರಿದು ಬಂತು. ಮತ್ತೆ ನಿಲ್ಲಿಸಿದಳು. ಮುಂಗೈಯಿಂದ ರಕ್ತ ಮೊಣಕೈಗೆ ಇಳಿದು ಅಲ್ಲಿಂದ ನೆಲಕ್ಕೆ ಬೀಳುತ್ತಿತ್ತು. ನಾನು ನನ್ನ ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ ಬಿಗಿದೆ. ಬಟ್ಟೆ ಬೇಗನೆ ಕೆಂಪಾಯಿತು. ಹೊರಗೆ ಆಳುಗಳು ಬಾಗಿಲು ತಟ್ಟತೊಡಗಿದರು.

ಎರಡೂವರೆಗೆ ಮತ್ತೆ ಓರೆ ಮಾಡಿದಳು. ಹರಿಯಿತು. ಎರಡು ಹನಿ ಅಂಚು ದಾಟಿ ಡಾಕ್ಟರ ಕಾಗದದ ಮೇಲೆ ಬಿದ್ದವು. ಮುದ್ರೆ ಒತ್ತಬೇಕಾದ ಜಾಗದ ಹತ್ತಿರ.

"ಈಗ್ಲೂ ಹರೀತಾ ಇದೆ ಡಾಕ್ಟ್ರೇ," ಅಂದಳು ಮೂಲೆಯ ನರ್ಸು, ಪಿಸುದನಿಯಲ್ಲಿ.

"ನಿನ್ನ ಯಾರು ಕೇಳಿದ್ರು?"

ಎರಡೂ ನಲವತ್ತೈದಕ್ಕೆ ಕಿನುವಿಗೆ ನಳಿಕೆ ಎತ್ತಲಾಗಲಿಲ್ಲ. ನೆಲದ ಮೇಲೆ ಕೂತುಬಿಟ್ಟಳು. ಎತ್ತಿದವಳು ಆ ನರ್ಸು. ಟ್ರೇ ಕೆಳಗಿಟ್ಟು ಬಂದು ನಳಿಕೆಯನ್ನು ಡಾಕ್ಟರ ಮುಖದೆದುರು ಓರೆ ಮಾಡಿ ಹಿಡಿದಳು. ಅವರು ನೋಡಲೇಬೇಕಾಯಿತು. ಕೆಂಪು ಅತ್ತಿಂದಿತ್ತ ಸಲೀಸಾಗಿ ಹರಿದಾಡಿತು.

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಆ ಬಾಟಲಿ ತಾ. ಹಾಕಿ ಕಳಿಸು ಇವಳನ್ನ," ಅಂದರು.

ರೊಕುಜಿಯ ಹೆಣವಿದ್ದ ಪಕ್ಕದ ಕೋಣೆಗೆ ಒಳಬಾಗಿಲಿತ್ತು, ಅದರ ಹೊರಬಾಗಿಲಿಗೆ ಬೀಗ ಬಿದ್ದಿತ್ತು. ನರ್ಸು ಓಡಿಹೋಗಿ ಬಾಟಲಿ, ಕೊಳವೆ, ಸೂಜಿ ತಂದಳು. ಕಿನುವಿನ ಪಕ್ಕ ಮಂಡಿಯೂರಿ ಬಲಗೈ ಹಿಡಿಯಲು ಹೋದಳು. ಕಿನು ಕೈಯನ್ನು ಬೆನ್ನ ಹಿಂದೆ ಸರಿಸಿದಳು.

"ಮೊದ್ಲು ಬರೀಲಿ."

"ಏನು ಬರೀಬೇಕು?" ಡಾಕ್ಟರು ಕೇಳಿದರು.

"ರೊಕುಜಿಗೆ ಬರ್ಕೊಟ್ಟಂಗೆ ಚೀಟಿ. ನಿನ್ನ ದೊಡ್ಡ ಪುಸ್ತಕದಾಗೂ ಬರಿ. ಕಿನು, ಹೆಂಗ್ಸು, ಇಪ್ಪತ್ತಾರು ವರ್ಷ. ಅದೇ ರೋಗ."

"ಮೊದಲು ರಕ್ತ ಹಾಕಿಸ್ಕೋ ಮೂರ್ಖಳೇ. ಸಾಯ್ತೀಯ."

"ಬರೀದೆ ಹಾಕಿದ್ರೆ ಅದು ನೀನು ಧರ್ಮಕ್ಕೆ ಕೊಟ್ಟಿದ್ದು. ಬರೆದ್ರೆ ನಂದು." ಅವಳ ತುಟಿಗಳು ಬೂದಿಯ ಬಣ್ಣಕ್ಕೆ ತಿರುಗಿದ್ದವು. "ಮುಂದಿನ ತಿಂಗ್ಳು ಬಂದ್ರೆ ಮತ್ತೆ ಪೆಟ್ಟಿಗೆ ಅಂತೀಯ. ನಾಳೆ ಇನ್ಯಾವಳೋ ಬತ್ತಾಳೆ, ಅವಳ್ಗೂ ಅಂತೀಯ."

"ಕಿನು, ಹಾಕಿಸ್ಕೊಳ್ಳೆ, ಆಮ್ಯಾಲೆ ಬರೀತಾರೆ," ಅಂತ ನಾನು ಅವಳ ಭುಜ ಹಿಡಿದೆ. ನನ್ನ ಧೈರ್ಯ ಅಲ್ಲಿಗೆ ಮುಗಿದಿತ್ತು.

"ಆಮ್ಯಾಲೆ ಬರೆಯಲ್ಲ ಅಕ್ಕ. ಆಮ್ಯಾಲೆ ಯಾವಾಗ್ ಬರೆದವ್ರೆ?"

ನಾನು ಉಮೆಯ ಕಡೆ ನೋಡಿದೆ. ಇದ್ದ ಒಬ್ಬನೇ ಮಗನ ಹೆಣ ಪಕ್ಕದ ಕೋಣೆಯಲ್ಲಿತ್ತು. ಬಾ ಮಗಳೇ, ಹಾಕಿಸ್ಕೋ ಅನ್ನುತ್ತಾಳೆ ಅಂದುಕೊಂಡೆ. ಉಮೆ ಡಾಕ್ಟರನ್ನೇ ನೋಡುತ್ತಿದ್ದಳು.

"ಬರೀರಿ ಸ್ವಾಮಿ," ಅಂದಳು. "ಅವಳು ನನ್ನ ಮಾತೂ ಕೇಳೋಳಲ್ಲ."

"ಪೊಲೀಸ್! ಬಾಗಿಲು ತೆಗೀರಿ!" ಹೊರಗಿನಿಂದ ಬೂಟುಗಾಲಿನ ಒದೆ ಬಿತ್ತು. ಉಮೆಯ ಮೈ ಮುಂದಕ್ಕೆ ಜೋಲಿ ಹೊಡೆದು ಮತ್ತೆ ಬಾಗಿಲಿಗೆ ಅಂಟಿಕೊಂಡಿತು. ಎರಡನೇ ಒದೆಗೆ ಚಿಲಕದ ಒಂದು ಮೊಳೆ ಹಾರಿ ನೆಲಕ್ಕೆ ಬಿತ್ತು.

ಡಾಕ್ಟರು ದೊಡ್ಡ ಪುಸ್ತಕ ತೆರೆದರು. ಪೆನ್ನಿನ ಟೋಪಿ ತೆಗೆದರು. ಪೆನ್ನು ಹಾಳೆಯ ಮೇಲೆ ಬಂದು ನಿಂತಿತು. ಅವರ ಕಣ್ಣು ಒಮ್ಮೆ ಹಾಳೆಗೆ, ಒಮ್ಮೆ ಬಾಗಿಲಿಗೆ. ನಿಬ್ಬಿನ ತುದಿಯಲ್ಲಿ ಮಸಿ ದುಂಡಗಾಗುತ್ತಿತ್ತು. ನರ್ಸು ಸೂಜಿ ಹಿಡಿದು ಕಾಯುತ್ತಿದ್ದಳು. ಕಿನುವಿನ ತಲೆ ಮೇಜಿನ ಕಾಲಿಗೆ ಒರಗಿತ್ತು, ಕಣ್ಣು ತೆರೆದೇ ಇತ್ತು, ಬಲಗೈ ಬೆನ್ನ ಹಿಂದೆಯೇ ಇತ್ತು.

ನಾನು ಎದ್ದು ಹೋಗಿ ಉಮೆಯ ಪಕ್ಕದಲ್ಲಿ ಬಾಗಿಲಿಗೆ ಬೆನ್ನು ಕೊಟ್ಟೆ.